ದೊಡ್ಡ ಗ್ರಾಫಿಕ್ಸ್ ಕಾರ್ಡ್‌ಗೆ ಸುರಕ್ಷಿತ ಪವರ್ ಕೇಬಲ್: ಆರಿಸುವುದು ಹೇಗೆ, ಹಾಕುವುದು ಹೇಗೆ

ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮೊದಲು ವಾರಗಟ್ಟಲೆ ಹುಡುಕುತ್ತೇವೆ. ಮೆಮೊರಿ ಎಷ್ಟು, ಗೇಮ್ ಹೇಗೆ ಓಡುತ್ತದೆ, ಕ್ಯಾಬಿನೆಟ್ ಒಳಗೆ ಹಿಡಿಸುತ್ತದಾ, ಎಲ್ಲ ನೋಡುತ್ತೇವೆ. ಅದಕ್ಕೆ ಕರೆಂಟ್ ಕೊಡುವ ಕೇಬಲ್ ಮಾತ್ರ ಕೊನೆ ಗಳಿಗೆಯಲ್ಲಿ ನೆನಪಾಗುತ್ತದೆ. ಡಬ್ಬಿಯಲ್ಲಿ ಬಂದಿದ್ದನ್ನೇ ಸಿಕ್ಕಿಸುತ್ತೇವೆ, ಇಲ್ಲವೇ ಬಣ್ಣ ಚೆನ್ನಾಗಿದೆ ಎಂದು ಯಾವುದೋ ಒಂದನ್ನು ತರಿಸುತ್ತೇವೆ. ಸಣ್ಣ ಕಾರ್ಡ್ ಆದರೆ ಹೇಗೋ ನಡೆಯುತ್ತದೆ. 400, 500 ವ್ಯಾಟ್ ಎಳೆಯುವ ಕಾರ್ಡ್‌ಗೆ ಇದು ನಡೆಯುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4090 ಕಾರ್ಡ್ ಮಾರುಕಟ್ಟೆಗೆ ಬಂದ ಕೆಲವೇ ವಾರಗಳಲ್ಲಿ ಕರಗಿದ ಕನೆಕ್ಟರ್‌ಗಳ ಫೋಟೋಗಳು ಎಲ್ಲೆಡೆ ಹರಿದಾಡಿದವು. 2025ರ ಜನವರಿಯಲ್ಲಿ ಅದರ ಮುಂದಿನ ತಲೆಮಾರಿನ 5090 ಬಂದ ಮೇಲೂ ಅಂಥ ಫೋಟೋಗಳು ನಿಲ್ಲಲಿಲ್ಲ.

ಕೇಬಲ್ ಬೇರೆಯೇ ಒಂದು ಸಾಮಾನು ಎಂದುಕೊಳ್ಳಬೇಡಿ. ಅದು ಕಂಪ್ಯೂಟರ್‌ನ ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಪವರ್ ಸಪ್ಲೈನದೇ ಭಾಗ. ನಿಮ್ಮ ಪವರ್ ಸಪ್ಲೈಗೆಂದೇ ಮಾಡಿದ, ನಡುವೆ ಬೇರೆ ಜೋಡಣೆ ಇಲ್ಲದ ಒಂದೇ ಕೇಬಲ್ ತಗೊಳ್ಳಿ. ಅದು ಎರಡೂ ಕಡೆ ಪೂರ್ತಿ ಒಳಗೆ ಕೂತಿರಲಿ. ಅಪಾಯದ ಬಹುಪಾಲು ಅಲ್ಲಿಗೇ ತಪ್ಪುತ್ತದೆ.

ಮೊದಲು ನಿಮ್ಮ ಕಾರ್ಡ್ ಲೆಕ್ಕ ಹಾಕಿ

ಕಾರ್ಡ್‌ನ ವಿವರದ ಪುಟದಲ್ಲಿ ಅದು ಗರಿಷ್ಠ ಎಷ್ಟು ವ್ಯಾಟ್ ಎಳೆಯುತ್ತದೆ ಎಂದು ಬರೆದಿರುತ್ತದೆ. ಆರ್‌ಟಿಎಕ್ಸ್ 4090ಕ್ಕೆ 450 ವ್ಯಾಟ್, 5090ಕ್ಕೆ 575, 5080ಕ್ಕೆ 360, ಎಎಮ್‌ಡಿಯ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್‌ಗೆ 355. ಅದೇ ಚಿಪ್ ಇಟ್ಟು ಬೇರೆ ಕಂಪನಿಗಳು ಮಾಡುವ ಕಾರ್ಡ್‌ಗಳಲ್ಲಿ ಈ ಅಂಕಿ ಇನ್ನೂ ಸ್ವಲ್ಪ ಜಾಸ್ತಿ ಇರಬಹುದು. ಹಾಗಾಗಿ ನೀವು ಕೊಂಡ ಮಾಡೆಲ್‌ನ ಅಂಕಿಯನ್ನೇ ನೋಡಿ.

ಇಷ್ಟು ಕರೆಂಟ್ ಬರುವ ದಾರಿ ಮೂರು. ಮದರ್‌ಬೋರ್ಡ್‌ನ ಸ್ಲಾಟ್ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಹಳೆಯ 6 ಪಿನ್ ಕನೆಕ್ಟರ್ ಇನ್ನೊಂದು 75 ಕೊಡುತ್ತದೆ, 8 ಪಿನ್ನಿನದು 150. ಈಗ ದೊಡ್ಡ ಕಾರ್ಡ್‌ಗಳಲ್ಲಿ ಇರುವ 16 ಪಿನ್ನಿನ ಪುಟ್ಟ ಕನೆಕ್ಟರ್ ಒಂದೇ 600 ವ್ಯಾಟ್‌ವರೆಗೆ ಹೊರಬೇಕು.

ಈಗ ಇದನ್ನು ಆಂಪಿಯರ್‌ಗೆ ತಿರುಗಿಸಿ ನೋಡೋಣ. 8 ಪಿನ್ನಿನಲ್ಲಿ 150 ವ್ಯಾಟ್ ಅಂದರೆ 12 ವೋಲ್ಟ್‌ಗೆ 12.5 ಆಂಪಿಯರ್. ಅದು 12 ವೋಲ್ಟ್‌ನ ಮೂರು ವೈರ್‌ಗಳಿಗೆ ಹಂಚಿ ಹೋಗುತ್ತದೆ. ಒಂದೊಂದಕ್ಕೆ ಸುಮಾರು 4 ಆಂಪಿಯರ್ ಬೀಳುತ್ತದೆ. ಆ ಪಿನ್ನುಗಳು ಹೆಚ್ಚುಕಮ್ಮಿ ಇದರ ಎರಡರಷ್ಟು ತಡೆದುಕೊಳ್ಳುತ್ತವೆ. 16 ಪಿನ್ನಿನಲ್ಲಿ 600 ವ್ಯಾಟ್ ಅಂದರೆ 50 ಆಂಪಿಯರ್. ಅದನ್ನು ಹೊರುವುದು ಆರು ವೈರ್, ಒಂದೊಂದಕ್ಕೆ 8.3 ಆಂಪಿಯರ್. ಪಿನ್ನಿನ ಮಿತಿಯೇ ಸುಮಾರು 9.5 ಆಂಪಿಯರ್. ಪಿನ್ನುಗಳ ನಡುವಿನ ಅಂತರವೂ 4.2 ಮಿಲಿಮೀಟರ್‌ನಿಂದ 3 ಮಿಲಿಮೀಟರ್‌ಗೆ ಇಳಿದಿದೆ. ಅಂದರೆ ಮೊದಲು ಸಣ್ಣಪುಟ್ಟ ತಪ್ಪಿಗೆ ಜಾಗ ಇತ್ತು, ಈಗ ಹೆಚ್ಚುಕಮ್ಮಿ ಇಲ್ಲ. ಈ ಲೇಖನದ ಉಳಿದ ಮಾತೆಲ್ಲ ಈ ಒಂದು ಲೆಕ್ಕದಿಂದಲೇ ಬರುತ್ತದೆ.

ಕನೆಕ್ಟರ್ ಕರಗುವುದು ಯಾಕೆ

ವೈರ್ ಸಾಮಾನ್ಯವಾಗಿ ನಡುವೆ ಸುಡುವುದಿಲ್ಲ, ಸುಡುವುದು ತುದಿಯಲ್ಲಿ. ಪಿನ್ನಿಗೆ ಪಿನ್ನು ತಾಗುವ ಜಾಗದಲ್ಲಿ ಸ್ವಲ್ಪವಾದರೂ ರೆಸಿಸ್ಟೆನ್ಸ್ ಇದ್ದೇ ಇರುತ್ತದೆ. ಅಲ್ಲಿ ಹುಟ್ಟುವ ಬಿಸಿ ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು.

5090 ಪೂರ್ತಿ ಭಾರದಲ್ಲಿ ಓಡುತ್ತಿದೆ ಎಂದಿಟ್ಟುಕೊಳ್ಳಿ. ಒಟ್ಟು 48 ಆಂಪಿಯರ್, ಆರು ಪಿನ್ನಿಗೆ ಎಂಟೆಂಟು. ಪ್ಲಗ್ ಒಂದು ಕಡೆ ಸ್ವಲ್ಪ ಹೊರಗೆ ಉಳಿದಿದೆ, ಎರಡು ಪಿನ್ನು ಸರಿಯಾಗಿ ತಾಗುತ್ತಿಲ್ಲ. ಆರು ಜನ ಹೊತ್ತ ಕಲ್ಲುಕಂಬವನ್ನು ಇಬ್ಬರು ಬಿಟ್ಟರೆ ಕಂಬದ ಭಾರ ಕಮ್ಮಿ ಆಗುವುದಿಲ್ಲ, ಉಳಿದ ನಾಲ್ವರ ಹೆಗಲಿಗೆ ಬೀಳುತ್ತದೆ. ಇಲ್ಲೂ ಹಾಗೆಯೇ. ಉಳಿದ ನಾಲ್ಕು ಪಿನ್ನಿಗೆ 12 ಆಂಪಿಯರ್ ಬಂತು. ಮಿತಿ ದಾಟಿತು. ಅಲ್ಲಿನ ಬಿಸಿ ಎರಡೂಕಾಲು ಪಟ್ಟಾಯಿತು. ಬಿಸಿ ಏರಿದಂತೆ ಪಿನ್ನನ್ನು ಹಿಡಿದಿರುವ ಪುಟ್ಟ ಸ್ಪ್ರಿಂಗ್ ಸಡಿಲವಾಗುತ್ತದೆ. ಸಡಿಲವಾದಷ್ಟೂ ರೆಸಿಸ್ಟೆನ್ಸ್ ಹೆಚ್ಚುತ್ತದೆ. ಕೊನೆಗೆ ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಇದು ನಡೆಯುವಾಗ ಯಾರಿಗೂ ಗೊತ್ತಾಗುವುದಿಲ್ಲ, ದೊಡ್ಡ ತೊಂದರೆ ಅದೇ. ಆರ್‌ಟಿಎಕ್ಸ್ 3090 ಟಿಐ ಕಾರ್ಡ್ ಆರು ವೈರ್‌ಗಳನ್ನು ಮೂರು ಗುಂಪು ಮಾಡಿ ಒಂದೊಂದನ್ನೂ ಬೇರೆಯಾಗಿ ಗಮನಿಸುತ್ತಿತ್ತು. ನಂತರ ಬಂದ 4090, 5090ಗಳಲ್ಲಿ ಆರೂ ವೈರ್ ಕಾರ್ಡ್ ಒಳಗೆ ಬಂದ ಕೂಡಲೇ ಒಂದಾಗುತ್ತವೆ. ಕಾರ್ಡ್‌ಗೆ ಕಾಣುವುದು ಒಟ್ಟು ಮೊತ್ತ ಮಾತ್ರ. ಪವರ್ ಸಪ್ಲೈ ನೋಡುವುದೂ ಒಟ್ಟು ಮೊತ್ತವನ್ನೇ. ಒಟ್ಟು 48 ಆಂಪಿಯರ್ ಸರಿಯಾಗಿಯೇ ಇದೆ, ಹಾಗಾಗಿ ಯಾವುದೂ ಟ್ರಿಪ್ ಆಗುವುದಿಲ್ಲ. 2025ರ ಫೆಬ್ರವರಿಯಲ್ಲಿ ಡೆರ್‌ಬಾವರ್ ಎಂದೇ ಹೆಸರಾದ ಜರ್ಮನಿಯ ಓವರ್‌ಕ್ಲಾಕರ್ (ಚಿಪ್‌ಗಳನ್ನು ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವವ) ತನ್ನ 5090ರ ವೈರ್‌ಗಳನ್ನು ಅಳೆದಾಗ ಒಂದೇ ವೈರ್‌ನಲ್ಲಿ 20 ಆಂಪಿಯರ್‌ಗಿಂತ ಜಾಸ್ತಿ ಹರಿಯುತ್ತಿತ್ತು. ಕಾರ್ಡ್ ಮಾತ್ರ ಏನೂ ಆಗದವರಂತೆ ಓಡುತ್ತಲೇ ಇತ್ತು. ಕೆಲವು ಕಂಪನಿಗಳ ದುಬಾರಿ ಮಾಡೆಲ್‌ಗಳಲ್ಲಿ ಈಗ ಪಿನ್ನುಪಿನ್ನಿನ ಕರೆಂಟ್ ತೋರಿಸುವ ಸೆನ್ಸರ್ ಇದೆ. ಆಯ್ಕೆ ಇದ್ದರೆ ಅಂಥದ್ದನ್ನು ನೋಡಿ. ಬಣ್ಣದ ದೀಪಕ್ಕೆ ಕೊಡುವ ಹಣಕ್ಕಿಂತ ಅದಕ್ಕೆ ಕೊಡುವ ಹಣ ಸಾರ್ಥಕ.

16 ಪಿನ್ನಿನ ಎರಡು ತಲೆಮಾರು

2022ರಲ್ಲಿ ಬಂದದ್ದು 12ವಿಎಚ್‌ಪಿಡಬ್ಲ್ಯುಆರ್. 2023ರಲ್ಲಿ ಅದನ್ನು ತಿದ್ದಿ 12ವಿ-2ಎಕ್ಸ್6 ಎಂದರು. ಸಾಕೆಟ್ ಪಕ್ಕದಲ್ಲಿ ಹಳೆಯದಕ್ಕೆ ಎಚ್ ಪ್ಲಸ್, ಹೊಸದಕ್ಕೆ ಎಚ್ ಪ್ಲಸ್ ಪ್ಲಸ್ ಗುರುತು ಇರುತ್ತದೆ.

ಬದಲಾವಣೆ ಆಗಿದ್ದು ಮುಖ್ಯವಾಗಿ ಸಾಕೆಟ್‌ನಲ್ಲಿ. ದಪ್ಪ ಪವರ್ ಪಿನ್ನುಗಳನ್ನು ಕೂದಲೆಳೆಯಷ್ಟು ಉದ್ದ ಮಾಡಿದರು. ಮೇಲಿರುವ ನಾಲ್ಕು ಸಣ್ಣ ಸೆನ್ಸ್ ಪಿನ್ನುಗಳನ್ನು ಗಿಡ್ಡ ಮಾಡಿದರು. ಈ ಸೆನ್ಸ್ ಪಿನ್ನುಗಳೇ ಕಾರ್ಡ್‌ಗೆ ‘ಇಷ್ಟು ವ್ಯಾಟ್ ಎಳೆಯಬಹುದು’ ಎಂದು ಹೇಳುವುದು. 150, 300, 450, 600 ಎಂದು ನಾಲ್ಕು ಹಂತ. ಅವು ಗಿಡ್ಡ ಆಗಿರುವುದರಿಂದ ಪ್ಲಗ್ ಪೂರ್ತಿ ಒಳಗೆ ಹೋದ ಮೇಲಷ್ಟೇ ತಾಗುತ್ತವೆ. ಅರ್ಧ ಕೂತ ಪ್ಲಗ್‌ನಲ್ಲಿ ಕಾರ್ಡ್ ಪವರ್ ಎಳೆಯುವುದೇ ಇಲ್ಲ. ಒಳ್ಳೆಯ ತಿದ್ದುಪಡಿ ಇದು. ಆದರೆ ಪಿನ್ನಿಗೆ ಬೀಳುವ 8.3 ಆಂಪಿಯರ್ ಹಾಗೇ ಇದೆ. ಹಾಗಾಗಿ ಹೊಸ ಸಾಕೆಟ್ ಇದೆ ಎಂದು ಮೈಮರೆಯುವ ಹಾಗಿಲ್ಲ.

ಇದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಹಳೆಯ ಒಳ್ಳೆಯ ಕೇಬಲ್ ಹೊಸ ಸಾಕೆಟ್‌ಗೂ ಆಗುತ್ತದೆ. ಸುಮ್ನೆ ಹೆಸರು ನೋಡಿ ‘ಹೊಸ ತಲೆಮಾರಿನ ಕೇಬಲ್’ ಕೊಳ್ಳಬೇಕಿಲ್ಲ. ಸವೆದಿದ್ದರೆ, ಬಣ್ಣ ಬದಲಾಗಿದ್ದರೆ ಮಾತ್ರ ಬದಲಿಸಿ.

ಯಾವ ಕೇಬಲ್ ತಗೊಳ್ಳಬೇಕು

ಮೊದಲ ಆಯ್ಕೆ: ನಿಮ್ಮ ಪವರ್ ಸಪ್ಲೈ ಮಾಡಿದ ಕಂಪನಿಯೇ, ಅದೇ ಮಾಡೆಲ್‌ಗೆಂದು ಕೊಡುವ 16 ಪಿನ್ ಕೇಬಲ್. ಎಟಿಎಕ್ಸ್ 3.0 ಅಥವಾ 3.1 (ಪವರ್ ಸಪ್ಲೈಗಳಿಗೆ ಇರುವ ಹೊಸ ಮಾನದಂಡ) ಮಟ್ಟದ ಪವರ್ ಸಪ್ಲೈ ಆದರೆ ಇದು ಸಾಮಾನ್ಯವಾಗಿ ಡಬ್ಬಿಯಲ್ಲೇ ಬರುತ್ತದೆ. ಇನ್ನೊಂದು ತುದಿಯೂ 16 ಪಿನ್ ಆಗಿರಬಹುದು, ಇಲ್ಲವೇ ಎರಡು 8 ಪಿನ್ ಆಗಿರಬಹುದು. ‘ಎರಡು 8 ಪಿನ್ ಅಂದರೆ 300 ವ್ಯಾಟ್ ಅಲ್ವಾ, 600 ಹೇಗೆ ಬರುತ್ತದೆ’ ಎಂದು ಹಲವರು ಕೇಳುತ್ತಾರೆ. 150 ವ್ಯಾಟ್ ಎನ್ನುವುದು ಕಾರ್ಡ್ ಕಡೆಯ 8 ಪಿನ್ನಿನ ನಿಯಮ. ಪವರ್ ಸಪ್ಲೈ ಕಡೆಯ ಸಾಕೆಟ್ ಎಷ್ಟು ಕೊಡಬಹುದು ಎಂದು ತೀರ್ಮಾನಿಸುವುದು ಅದನ್ನು ಮಾಡಿದವರು. ಅವರೇ 600 ವ್ಯಾಟ್ ಎಂದು ಬರೆದುಕೊಟ್ಟ ಕೇಬಲ್ ಆದರೆ ನಂಬಬಹುದು. ಬೇರೆಯವರು ಹಾಗೆ ಬರೆದರೆ ನಂಬಲು ಕಾರಣವಿಲ್ಲ.

ಎರಡನೆಯ ಆಯ್ಕೆ: ಪವರ್ ಸಪ್ಲೈ ಹಳೆಯದು, ಆದರೆ ಗಟ್ಟಿಯಾಗಿದೆ, 16 ಪಿನ್ ಕೇಬಲ್ ಅದಕ್ಕೆ ಸಿಗುತ್ತಿಲ್ಲ ಅಂದರೆ ಕಾರ್ಡ್ ಜೊತೆ ಬಂದ ಅಡಾಪ್ಟರ್ ಹಾಕಿ. 4090, 5090ರ ಜೊತೆ ನಾಲ್ಕು 8 ಪಿನ್ ಸೇರಿಸುವ ಅಡಾಪ್ಟರ್ ಬರುತ್ತದೆ. ನಾಲ್ಕಕ್ಕೂ ಬೇರೆ ಬೇರೆ ಕೇಬಲ್ ಪವರ್ ಸಪ್ಲೈನಿಂದಲೇ ಬರಬೇಕು. ನೋಡಲು ಚೆನ್ನಾಗಿರುವುದಿಲ್ಲ, ಕ್ಯಾಬಿನೆಟ್ ಒಳಗೆ ಗಿಜಿಗಿಜಿ ಅನ್ನಿಸುತ್ತದೆ, ಆದರೆ ಕೆಲಸ ಮಾಡುತ್ತದೆ.

ಮೂರನೆಯದು: ಕೇಬಲ್ ಮಾಡುವುದನ್ನೇ ಕಸುಬು ಮಾಡಿಕೊಂಡ ಕಂಪನಿಗಳಿಂದ ನಿಮ್ಮ ಪವರ್ ಸಪ್ಲೈ ಮಾಡೆಲ್‌ಗೆಂದು ಮಾಡಿಸಿದ ಕೇಬಲ್. ಅವರ ಪಟ್ಟಿಯಲ್ಲಿ ನಿಮ್ಮ ಮಾಡೆಲ್‌ನ ಹೆಸರು ಅಕ್ಷರ ಬಿಡದೆ ಇರಬೇಕು. ‘ಎಲ್ಲ ಪವರ್ ಸಪ್ಲೈಗೂ ಹೊಂದುತ್ತದೆ’ ಎಂದು ಬರೆದಿದ್ದರೆ ಆ ಪುಟ ಮುಚ್ಚಿಬಿಡಿ. ಅಂಥ ಕೇಬಲ್ ಇರಲು ಸಾಧ್ಯವೇ ಇಲ್ಲ.

ಯಾಕೆ ಸಾಧ್ಯವಿಲ್ಲ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕಂಪ್ಯೂಟರ್ ಪೂರ್ತಿ ಸುಟ್ಟುಕೊಳ್ಳುವವರು ಎಡವುವುದು ಇಲ್ಲೇ. ಕಾರ್ಡ್ ಕಡೆಯ ಪ್ಲಗ್‌ನಲ್ಲಿ ಯಾವ ಪಿನ್ನಿಗೆ ಯಾವ ವೈರ್ ಎನ್ನುವುದಕ್ಕೆ ಒಂದು ನಿಯಮ ಇದೆ. ಪವರ್ ಸಪ್ಲೈ ಕಡೆಯ ತುದಿಗೆ ಅಂಥ ನಿಯಮ ಇಲ್ಲ. ಒಂದು ಕಂಪನಿ 12 ವೋಲ್ಟ್ ಇಟ್ಟ ಜಾಗದಲ್ಲಿ ಇನ್ನೊಂದು ಗ್ರೌಂಡ್ (ಕರೆಂಟ್ ವಾಪಸ್ ಹೋಗುವ ವೈರ್) ಇಟ್ಟಿರುತ್ತದೆ. ಪ್ಲಗ್‌ನ ಆಕಾರ ಒಂದೇ, ಸಲೀಸಾಗಿ ಕೂರುತ್ತದೆ, ಸ್ವಿಚ್ ಹಾಕಿದ ಕ್ಷಣದಲ್ಲಿ ಹಾನಿ ಆಗಿಹೋಗಿರುತ್ತದೆ. ಒಂದೇ ಕಂಪನಿಯ ಎರಡು ಮಾಡೆಲ್‌ಗಳ ನಡುವೆಯೂ ಈ ವ್ಯತ್ಯಾಸ ಇರಬಹುದು. ಪವರ್ ಸಪ್ಲೈ ಬದಲಿಸುವಾಗ ‘ಹಳೇ ಕೇಬಲ್ ಹೇಗೂ ಎಳೆದಿದೆ, ಡಬ್ಬಿ ಮಾತ್ರ ಬದಲಿಸೋಣ’ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಹಳೆಯದನ್ನೆಲ್ಲ ತೆಗೆದು ಹೊಸ ಡಬ್ಬಿಯ ಕೇಬಲ್ಲನ್ನೇ ಎಳೆಯಿರಿ. ಹಳೆಯ ಕೇಬಲ್‌ಗಳನ್ನು ಒಂದು ಚೀಲಕ್ಕೆ ಹಾಕಿ, ಮೇಲೆ ಮಾಡೆಲ್ ಹೆಸರು ಬರೆದಿಡಿ.

ಪ್ರೊಸೆಸರ್‌ಗೆ ಹೋಗುವ 8 ಪಿನ್ ಕೇಬಲ್ಲೂ ನೋಡಲು ಗ್ರಾಫಿಕ್ಸ್ ಕಾರ್ಡ್‌ನದರ ಹಾಗೇ ಇರುತ್ತದೆ. ಅದು ನಾಲ್ಕು, ನಾಲ್ಕು ಪಿನ್ನಾಗಿ ಒಡೆಯುತ್ತದೆ. ಕಾರ್ಡ್‌ನದು ಆರು, ಎರಡಾಗಿ ಒಡೆಯುತ್ತದೆ. ಒಳಗೆ 12 ವೋಲ್ಟ್ ಮತ್ತು ಗ್ರೌಂಡ್‌ನ ಜಾಗ ಅದಲುಬದಲು. ಪಿನ್ನಿನ ಆಕಾರ ಬೇರೆ ಇರುವುದರಿಂದ ಸಾಮಾನ್ಯವಾಗಿ ಒಳಗೆ ಹೋಗುವುದಿಲ್ಲ. ಹೋಗುತ್ತಿಲ್ಲ ಎಂದರೆ ಒತ್ತಬೇಡಿ, ಕೇಬಲ್ ಮೇಲೆ ಬರೆದದ್ದನ್ನು ಓದಿ.

ಇನ್ನು ಕೊಳ್ಳಲೇಬಾರದ ಸಾಮಾನುಗಳು. ಡಿಸ್ಕ್‌ಗಳಿಗೆ ಕರೆಂಟ್ ಕೊಡುವ ಸಾಟಾ ಪ್ಲಗ್‌ನಿಂದ 8 ಪಿನ್ ಮಾಡಿಕೊಡುವ ಅಡಾಪ್ಟರ್ ಇವುಗಳಲ್ಲಿ ಮೊದಲನೆಯದು. ಸಾಟಾ ಪ್ಲಗ್ 12 ವೋಲ್ಟ್‌ನಲ್ಲಿ ಕೊಡುವುದು 4.5 ಆಂಪಿಯರ್, ಅಂದರೆ 54 ವ್ಯಾಟ್. ಅದರ ಮೇಲೆ 150 ವ್ಯಾಟ್‌ನ ಭಾರ ಹಾಕಿದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಹಾರ್ಡ್ ಡಿಸ್ಕ್‌ಗೆ ಬಳಸುತ್ತಿದ್ದ ಹಳೆಯ ಮೊಲೆಕ್ಸ್ ಅಡಾಪ್ಟರ್ ಕೂಡ ಬೇಡ. ಎರಡೇ 8 ಪಿನ್ ತಗೊಂಡು 16 ಪಿನ್ ಮಾಡುವ ಅಗ್ಗದ ಅಡಾಪ್ಟರ್‌ಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಕೆಲವದರಲ್ಲಿ ಸೆನ್ಸ್ ಪಿನ್ನುಗಳನ್ನು ನೇರ ಗ್ರೌಂಡ್‌ಗೆ ಕೂಡಿಸಿಬಿಟ್ಟಿರುತ್ತಾರೆ. ಹಿಂದೆ 300 ವ್ಯಾಟ್‌ನ ಅನುಮತಿ ಮಾತ್ರ ಇದ್ದರೂ ಅದು ಕಾರ್ಡ್‌ಗೆ 600 ಎಂದು ಸುಳ್ಳು ಹೇಳುತ್ತದೆ. ಕಾರ್ಡ್ ಅದನ್ನು ನಂಬಿ ಎಳೆಯುತ್ತದೆ.

ಕೋನದ ಅಡಾಪ್ಟರ್ ವಿಷಯವೂ ಹೇಳಬೇಕು. ಕ್ಯಾಬಿನೆಟ್‌ನಲ್ಲಿ ಜಾಗ ಸಾಲದಾಗ ಪ್ಲಗ್ಗನ್ನು 90 ಅಥವಾ 180 ಡಿಗ್ರಿ ತಿರುಗಿಸಿಕೊಡುವ ಪುಟ್ಟ ಸಾಮಾನು ಇದು. ಉಪಯೋಗ ಇದೆ, ಆದರೆ ಅದು ಇನ್ನೊಂದು ಜೋಡಣೆ. ಆರು ಪಿನ್ನು ತಾಗುವ ಜಾಗ ಇನ್ನೂ ಒಂದು ಸಲ ಬಂತು. 2024ರ ಫೆಬ್ರವರಿಯಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಇಂಥ ಸುಮಾರು 25,300 ಅಡಾಪ್ಟರ್‌ಗಳನ್ನು ವಾಪಸ್ ಪಡೆಯುವ ಪ್ರಕಟಣೆ ಹೊರಡಿಸಿತು. ಕಾರಣ ಅದೇ, ಸಡಿಲವಾಗಿ ಬಿಸಿಯಾಗಿ ಕರಗುವುದು. ಅಂದಕ್ಕೆಂದು ಹಾಕುವ ಎಕ್ಸ್‌ಟೆನ್ಷನ್ ಕೇಬಲ್‌ಗಳಿಗೂ ಇದೇ ಮಾತು. 200 ವ್ಯಾಟ್‌ನ ಕಾರ್ಡ್‌ಗೆ ಹಾಕಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. 500 ವ್ಯಾಟ್‌ನದಕ್ಕೆ ನನ್ನ ಸಲಹೆ ಕೇಳಿದರೆ ಬೇಡ.

ವೈರ್ ಕೈಯಲ್ಲಿ ಹಿಡಿದು ನೋಡುವುದು

16 ಪಿನ್ ಕೇಬಲ್‌ನ ದಪ್ಪ ವೈರ್‌ಗಳು 16 ಗೇಜ್ ಇರಬೇಕು. ಗೇಜ್ ಅಂಕಿ ಕಮ್ಮಿ ಆದಷ್ಟೂ ವೈರ್ ದಪ್ಪ. 16 ಗೇಜ್ ಅಂದರೆ ತಾಮ್ರದ ಅಡ್ಡಳತೆ 1.3 ಚದರ ಮಿಲಿಮೀಟರ್, 18 ಗೇಜ್ ಅಂದರೆ 0.8. ಮಾಮೂಲಿ 8 ಪಿನ್‌ಗೆ 18 ಸಾಕು, 16 ಪಿನ್‌ಗೆ ಸಾಲದು. ವೈರ್‌ನ ಮೇಲ್ಹೊದಿಕೆಯ ಮೇಲೆ ಇದನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಪಕ್ಕದಲ್ಲೇ ಎಷ್ಟು ಡಿಗ್ರಿ ಬಿಸಿ ತಡೆಯುತ್ತದೆ ಎಂದೂ ಇರುತ್ತದೆ, 80 ಅಥವಾ 105. ಆಯ್ಕೆ ಇದ್ದರೆ 105ರದ್ದು ತಗೊಳ್ಳಿ. ಬಟ್ಟೆಯ ಹೆಣಿಗೆ ಇರುವ ಕೇಬಲ್‌ನಲ್ಲಿ ಇದು ಕಾಣುವುದಿಲ್ಲ. ಆಗ ಮಾಡಿದವರ ಪುಟದಲ್ಲಿ ಬರೆದಿರಬೇಕು. ಎಲ್ಲೂ ಬರೆದಿಲ್ಲ ಅಂದರೆ ಬರೆಯಲು ಹೇಳಿಕೊಳ್ಳುವಂಥದ್ದು ಇಲ್ಲ ಎಂದೇ ತಿಳಿಯಿರಿ.

ಅಗ್ಗದ ಕೇಬಲ್‌ಗಳಲ್ಲಿ ಅಲ್ಯುಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟು ಮಾರುವುದೂ ಉಂಟು. ಅಲ್ಯುಮಿನಿಯಂ ತಾಮ್ರದ ಶೇ 60ರಷ್ಟು ಮಾತ್ರ ಚೆನ್ನಾಗಿ ಕರೆಂಟ್ ಹರಿಸುತ್ತದೆ. ಕೈಗೆ ಹಗುರ ಅನ್ನಿಸುವುದು ಒಂದು ಸುಳಿವು. ‘ಶುದ್ಧ ತಾಮ್ರ’ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಹುಡುಕಿ.

ಈಗ ಪ್ಲಗ್‌ನ ಬಾಯಿಗೆ ಟಾರ್ಚ್ ಬಿಟ್ಟು ನೋಡಿ. ಹನ್ನೆರಡು ಲೋಹದ ತೂತುಗಳು ಎರಡು ಸಾಲಿನಲ್ಲಿ ಕಾಣುತ್ತವೆ. ಎಲ್ಲವೂ ಒಂದೇ ಆಳದಲ್ಲಿ ಇರಬೇಕು. ಒಂದು ಹಿಂದಕ್ಕೆ ಸರಿದು ಒಳಗೆ ಹೋಗಿದ್ದರೆ, ನೀವು ಪ್ಲಗ್ ಎಷ್ಟೇ ಒತ್ತಿದರೂ ಆ ಪಿನ್ನು ಮಾತ್ರ ಸರಿಯಾಗಿ ತಾಗುವುದಿಲ್ಲ. ತೂತಿನ ಬಾಯಿ ಅಗಲ ಆಗಿದೆಯಾ, ಒಳಗೆ ಪ್ಲಾಸ್ಟಿಕ್ ಚೂರು ಸಿಕ್ಕಿದೆಯಾ ನೋಡಿ. ಒಳಗಿನ ಸ್ಪ್ರಿಂಗ್‌ನಲ್ಲಿ ಎರಡು ಬಗೆ. ಮೂರು ಸಣ್ಣ ಉಬ್ಬುಗಳಿಂದ ಪಿನ್ನನ್ನು ಒತ್ತುವುದು ಒಂದು, ನಾಲ್ಕು ಪಟ್ಟಿಗಳು ನಾಲ್ಕು ಕಡೆಯಿಂದ ಹಿಡಿಯುವುದು ಇನ್ನೊಂದು. ನಾಲ್ಕು ಪಟ್ಟಿಯದು ಜಾಸ್ತಿ ಜಾಗದಲ್ಲಿ ತಾಗುತ್ತದೆ, ಅದೇ ಒಳ್ಳೆಯದು. ಪ್ರತಿ ವೈರ್ ಹಿಂಬದಿಯಲ್ಲಿ ಗಟ್ಟಿಯಾಗಿ ಹಿಡಿದಿದೆಯಾ ಎಂದು ಒಂದೊಂದನ್ನೂ ಹಗುರವಾಗಿ ಎಳೆದು ನೋಡಿ.

8 ಪಿನ್ನಿನ ಕಾರ್ಡ್ ಇದ್ದವರಿಗೆ

ಎಎಮ್‌ಡಿಯ ಹಲವು ದೊಡ್ಡ ಕಾರ್ಡ್‌ಗಳು ಈಗಲೂ ಎರಡು ಅಥವಾ ಮೂರು 8 ಪಿನ್ ಬಳಸುತ್ತವೆ. ನಿಮ್ಮ ಕೆಲಸ ಇಲ್ಲಿ ಸುಲಭ. ಒಂದೇ ನಿಯಮ: ಒಂದೊಂದು ಸಾಕೆಟ್‌ಗೆ ಒಂದೊಂದು ಕೇಬಲ್. ಪವರ್ ಸಪ್ಲೈ ಜೊತೆ ಬರುವ ಕೆಲವು ಕೇಬಲ್‌ಗಳ ತುದಿಯಲ್ಲಿ ಎರಡು ಪ್ಲಗ್ ನೇತಾಡುತ್ತಿರುತ್ತವೆ. ಎರಡನ್ನೂ ಒಂದೇ ಕಾರ್ಡ್‌ಗೆ ಹಾಕಿದರೆ 300 ವ್ಯಾಟ್ ಮೂರೇ ವೈರ್‌ಗಳಲ್ಲಿ ಬರುತ್ತದೆ. ವೈರ್‌ಗೆ 8.3 ಆಂಪಿಯರ್, ಅದೇ 16 ಪಿನ್ನಿನ ಲೆಕ್ಕಕ್ಕೆ ಬಂದು ನಿಂತಿತು. ಎರಡನೇ ಪ್ಲಗ್ ಹಾಗೇ ನೇತಾಡಲಿ ಬಿಡಿ, ಇನ್ನೊಂದು ಕೇಬಲ್ ಎಳೆಯಿರಿ.

ಹಾಕುವ ವಿಧಾನ

ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತಿಡಿ. ಕಾರ್ಡ್ ಇನ್ನೂ ಸ್ಲಾಟ್‌ಗೆ ಹಾಕಿಲ್ಲ ಅಂದರೆ ಒಂದು ಸಲ ಮೇಜಿನ ಮೇಲೇ ಕೇಬಲ್ ಹಾಕಿ ನೋಡಿ. ಪೂರ್ತಿ ಕೂತಾಗ ಹೇಗೆ ಕಾಣುತ್ತದೆ ಎಂದು ಕಣ್ಣಿಗೆ ಅಭ್ಯಾಸ ಆಗುತ್ತದೆ. ಕ್ಯಾಬಿನೆಟ್ ಒಳಗೆ ಕತ್ತಲಲ್ಲಿ, ಕೈ ಹಿಡಿಸದ ಜಾಗದಲ್ಲಿ ಮಾಡುವಾಗ ಇದು ತುಂಬಾ ನೆರವಾಗುತ್ತದೆ.

ಪ್ಲಗ್ಗನ್ನು ನೇರ ಹಿಡಿದು ನೇರ ತಳ್ಳಿ. ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ತೂರಿಸಬೇಡಿ, ಅದರಿಂದಲೇ ಸ್ಪ್ರಿಂಗ್‌ಗಳು ಅಗಲ ಆಗುವುದು. ವೈರ್ ಹಿಡಿದು ಒತ್ತಬೇಡಿ, ಪ್ಲಾಸ್ಟಿಕ್ ತಲೆಯನ್ನೇ ಒತ್ತಿ. ಇನ್ನೊಂದು ಕೈಯಿಂದ ಕಾರ್ಡ್‌ಗೆ ಹಿಂದಿನಿಂದ ಆಸರೆ ಕೊಡಿ. ಹೊಸ ಪ್ಲಗ್ ಸಾಕಷ್ಟು ಬಿಗಿ ಇರುತ್ತದೆ, ನಿಮಗೆ ಭಯವಾಗುವಷ್ಟು ಒತ್ತಬೇಕಾಗಬಹುದು. ಎಲ್ಲ ಪ್ಲಗ್‌ಗಳೂ ‘ಟಿಕ್’ ಅನ್ನುವುದಿಲ್ಲ, ಹಾಗಾಗಿ ಸದ್ದನ್ನು ನಂಬಬೇಡಿ. ಪಕ್ಕದಿಂದ ಟಾರ್ಚ್ ಹಿಡಿದು ಪ್ಲಗ್ ಮತ್ತು ಸಾಕೆಟ್ ಸೇರುವ ಗೆರೆ ನೋಡಿ. ಎರಡೂ ತುದಿಯಲ್ಲಿ ಸಂದು ಇರಬಾರದು. ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ಉಗುರು ತೂರುವಷ್ಟು ಬಿಟ್ಟಿದ್ದರೆ ಅದು ಕೂತಿಲ್ಲ. ಕೊಕ್ಕೆ ಸಾಕೆಟ್‌ನ ಉಬ್ಬನ್ನು ದಾಟಿ ಕಚ್ಚಿಕೊಂಡಿರಬೇಕು. ಕೊನೆಗೆ ಹಗುರವಾಗಿ ಹಿಂದಕ್ಕೆ ಎಳೆದು ನೋಡಿ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. 2022ರ ನವೆಂಬರ್‌ನಲ್ಲಿ ಎನ್‌ವಿಡಿಯಾ ಆವರೆಗೆ ಜಗತ್ತಿನಾದ್ಯಂತ ಬಂದ ಸುಮಾರು 50 ದೂರುಗಳನ್ನು ನೋಡಿ, ಪ್ಲಗ್ ಪೂರ್ತಿ ಕೂರದಿರುವುದೇ ಸಾಮಾನ್ಯವಾಗಿ ಕಂಡ ಸಮಸ್ಯೆ ಎಂದಿತು. ಹಾಗಂತ ಎಲ್ಲ ತಪ್ಪೂ ಬಳಸುವವರದು ಎಂದು ನಾನು ಒಪ್ಪುವುದಿಲ್ಲ. ಇಷ್ಟು ಕಡಿಮೆ ಅಂತರ ಬಿಟ್ಟು ಮಾಡಿದ ಕನೆಕ್ಟರ್‌ನ ಪಾಲೂ ಅದರಲ್ಲಿ ಇದೆ. ಆದರೆ ನಮ್ಮ ಕೈಯಲ್ಲಿ ಇರುವುದು ಇದೊಂದು, ಅದನ್ನು ಸರಿಯಾಗಿ ಮಾಡೋಣ.

ಪವರ್ ಸಪ್ಲೈ ಕಡೆಯ ತುದಿಯನ್ನೂ ಇದೇ ಶ್ರದ್ಧೆಯಿಂದ ನೋಡಿ. ಎಲ್ಲರ ಕಣ್ಣೂ ಕಾರ್ಡ್ ಮೇಲೆಯೇ ಇರುತ್ತದೆ, ಆದರೆ ಆ ಕಡೆ ಕರಗಿದ ಉದಾಹರಣೆಗಳೂ ಇವೆ.

ಇನ್ನು ಬಾಗಿಸುವುದು. ಪ್ಲಗ್‌ನಿಂದ ಕನಿಷ್ಠ 35 ಮಿಲಿಮೀಟರ್ ವೈರ್ ನೇರ ಹೋಗಬೇಕು, ಆಮೇಲೆ ಬಾಗಲಿ. ಬುಡದಲ್ಲೇ ಬಾಗಿಸಿದರೆ ಒಂದು ಸಾಲಿನ ವೈರ್‌ಗಳು ಎಳೆಸಿಕೊಂಡು ಪಿನ್ನುಗಳನ್ನು ಓರೆ ಮಾಡುತ್ತವೆ. ಕ್ಯಾಬಿನೆಟ್ ಕೊಳ್ಳುವ ಮೊದಲೇ ಕಾರ್ಡ್‌ನ ಅಗಲಕ್ಕೆ ಪ್ಲಗ್‌ನ ಎತ್ತರ ಮತ್ತು ಈ 35 ಮಿಲಿಮೀಟರ್ ಕೂಡಿಸಿ ಅಳೆಯಿರಿ. ಪಕ್ಕದ ಗಾಜು ಮುಚ್ಚಿದಾಗ ಕೇಬಲ್ಲನ್ನು ಒತ್ತುತ್ತಿದ್ದರೆ ಆ ಕ್ಯಾಬಿನೆಟ್ ನಿಮ್ಮ ಕಾರ್ಡ್‌ಗೆ ಸಣ್ಣದು. ಕೇಬಲ್ ನೇತಾಡಿ ಪ್ಲಗ್ ಮೇಲೆ ಭಾರ ಬೀಳದ ಹಾಗೆ ಸ್ವಲ್ಪ ದೂರದಲ್ಲಿ ಕಟ್ಟಿ.

ಒಮ್ಮೆ ಸರಿಯಾಗಿ ಕೂತ ಮೇಲೆ ಪದೇ ಪದೇ ಬಿಚ್ಚಬೇಡಿ. ಈ ಕನೆಕ್ಟರ್‌ಗೆ ಹಾಕಿ ತೆಗೆಯುವ ಲೆಕ್ಕ 30 ಸಲ ಮಾತ್ರ. ಧೂಳು ಹೊಡೆಯಲು ಪ್ರತಿ ತಿಂಗಳು ಕಾರ್ಡ್ ತೆಗೆಯುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ.

ಮೊದಲ ದಿನದ ಪರೀಕ್ಷೆ

ಗಾಜು ಮುಚ್ಚದೆ ಕಾರ್ಡ್ ಮೇಲೆ ಪೂರ್ತಿ ಭಾರ ಹಾಕುವ ಗೇಮ್ ಅಥವಾ ಟೆಸ್ಟ್ ಅರ್ಧ ಗಂಟೆ ಓಡಿಸಿ, ಪಕ್ಕದಲ್ಲೇ ಕೂತಿರಿ. ಎಚ್‌ಡಬ್ಲ್ಯುಇನ್ಫೋ ಅಥವಾ ಜಿಪಿಯು-ಝಡ್ ತಂತ್ರಾಂಶದಲ್ಲಿ 16 ಪಿನ್ನಿನ ವೋಲ್ಟೇಜ್ ತೋರಿಸುತ್ತದೆ. ಸುಮ್ಮನೆ ಇರುವಾಗ 12ರ ಆಸುಪಾಸು ಇರುತ್ತದೆ. ಭಾರ ಬಿದ್ದಾಗ ಸ್ವಲ್ಪ ಇಳಿಯುವುದು ಸಹಜ. 11.4ರ ಹತ್ತಿರ ಹೋಗುತ್ತಿದ್ದರೆ, ಅಥವಾ ಹಿಂದಿನ ವಾರಕ್ಕಿಂತ ಈ ವಾರ ಜಾಸ್ತಿ ಇಳಿಯುತ್ತಿದ್ದರೆ ನಿಲ್ಲಿಸಿ, ಜೋಡಣೆ ನೋಡಿ. ಮೊದಲ ದಿನದ ಅಂಕಿಯನ್ನು ಎಲ್ಲಾದರೂ ಬರೆದಿಡಿ, ಆಮೇಲೆ ಹೋಲಿಸಲು ಬೇಕಾಗುತ್ತದೆ.

ವೋಲ್ಟೇಜ್ ಒಟ್ಟಾರೆ ಸ್ಥಿತಿ ಹೇಳುತ್ತದೆ, ಯಾವ ವೈರ್‌ನಲ್ಲಿ ಎಷ್ಟು ಎಂದು ಹೇಳುವುದಿಲ್ಲ. ಅದಕ್ಕೆ ಕ್ಲ್ಯಾಂಪ್ ಮೀಟರ್ ಬೇಕು. ಮಾಮೂಲಿ ಕ್ಲ್ಯಾಂಪ್ ಮೀಟರ್ ಎಸಿ ಕರೆಂಟ್ ಮಾತ್ರ ಅಳೆಯುತ್ತದೆ, ನಿಮಗೆ ಬೇಕಾದ್ದು ಡಿಸಿ ಅಳೆಯುವಂಥದ್ದು. 12 ವೋಲ್ಟ್‌ನ ಆರು ವೈರ್‌ಗಳನ್ನು ಒಂದೊಂದಾಗಿ, ಎಳೆಯದೆ, ಪ್ಲಗ್‌ನಿಂದ ದೂರದಲ್ಲಿ ಬೇರ್ಪಡಿಸಿ ಅಳೆಯಿರಿ. 5090 ಆದರೆ ಎಂಟರ ಸುತ್ತಮುತ್ತ, 4090 ಆದರೆ ಆರರ ಸುತ್ತಮುತ್ತ ಬರಬೇಕು. ಸ್ವಲ್ಪ ಏರುಪೇರು ಇದ್ದೇ ಇರುತ್ತದೆ. ಯಾವುದಾದರೂ ಒಂದು 9.5 ದಾಟಿದರೆ, ಅಥವಾ ಒಂದರಲ್ಲಿ ಎರಡು ಮೂರು ಆಂಪಿಯರ್ ಮಾತ್ರ ಇದ್ದರೆ ಆ ಜೋಡಣೆ ಸರಿಯಿಲ್ಲ. ಆಫ್ ಮಾಡಿ, ಬಿಚ್ಚಿ, ಮತ್ತೆ ಕೂರಿಸಿ ಅಳೆಯಿರಿ. ಮತ್ತೆಯೂ ಹಾಗೇ ಬಂದರೆ ಕೇಬಲ್ ಬದಲಿಸಿ. ಮೀಟರ್ ಇಲ್ಲದವರು ಭಾರ ಹಾಕಿ ನಿಲ್ಲಿಸಿದ ಕೂಡಲೇ ವೈರ್‌ಗಳನ್ನು ಮುಟ್ಟಿ ನೋಡಬಹುದು. ಎಲ್ಲ ಒಂದೇ ಸಮ ಬೆಚ್ಚಗಿದ್ದರೆ ಪರವಾಗಿಲ್ಲ. ಒಂದೆರಡು ಮಾತ್ರ ಕೈ ಸುಡುತ್ತಿದ್ದರೆ ಅದು ಎಚ್ಚರಿಕೆ.

ಪವರ್ ಸ್ವಲ್ಪ ಇಳಿಸಿ

ಕಾಸು ಖರ್ಚಿಲ್ಲದೆ ಸಿಗುವ ದೊಡ್ಡ ರಕ್ಷಣೆ ಇದು. ಕಾರ್ಡ್‌ನ ತಂತ್ರಾಂಶದಲ್ಲಿ ಪವರ್ ಲಿಮಿಟ್ ಶೇ 80ಕ್ಕೆ ಇಳಿಸಿ. ಬಿಸಿ ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಇಳಿಯುವುದೂ ಹಾಗೆಯೇ. ಕರೆಂಟ್ ಶೇ 80 ಆದರೆ ಪಿನ್ನಿನ ಬಿಸಿ ಶೇ 64ಕ್ಕೆ ಬರುತ್ತದೆ. ಗೇಮ್‌ನ ವೇಗ ಅಷ್ಟು ಇಳಿಯುವುದಿಲ್ಲ, ಏಕೆಂದರೆ ಕಾರ್ಡ್‌ಗಳು ಕೊನೆಯ ಚೂರು ವೇಗಕ್ಕೆಂದೇ ಬಹಳಷ್ಟು ಪವರ್ ತಿನ್ನುತ್ತವೆ. ಕಾರ್ಡ್ ತಂಪಾಗಿರುತ್ತದೆ, ಫ್ಯಾನ್ ಸದ್ದೂ ಕಮ್ಮಿ. ರಾತ್ರಿಯಿಡೀ ರೆಂಡರಿಂಗ್ ಅಥವಾ ಎಐ ಕೆಲಸಕ್ಕೆ ಬಿಟ್ಟು ಮಲಗುವವರು ಇದನ್ನು ಮಾಡಲೇಬೇಕು ಎಂದು ನನ್ನ ಒತ್ತಾಯ. ಓವರ್‌ಕ್ಲಾಕ್ ಮಾಡುವವರು ಈ ಲೆಕ್ಕವನ್ನು ತಿರುಗಿಸಿ ಒಮ್ಮೆ ಹಾಕಿ ನೋಡಿ.

ಏನಾದರೂ ಸುಟ್ಟಿದೆ ಅನ್ನಿಸಿದರೆ

ಪ್ಲಾಸ್ಟಿಕ್ ಕಮಟು ವಾಸನೆ, ಗೇಮ್ ನಡುವೆ ಸ್ಕ್ರೀನ್ ಕಪ್ಪಾಗಿ ಫ್ಯಾನ್‌ಗಳು ಜೋರಾಗಿ ತಿರುಗುವುದು, ಪ್ಲಗ್‌ನ ಅಂಚು ಕಂದು ಬಣ್ಣಕ್ಕೆ ತಿರುಗುವುದು, ಇವು ಸುಳಿವುಗಳು. ಇವುಗಳಲ್ಲಿ ಯಾವುದು ಕಂಡರೂ ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆಯಿರಿ, ತಣ್ಣಗಾಗಲು ಬಿಡಿ. ಕರಗಿ ಅಂಟಿಕೊಂಡ ಪ್ಲಗ್ಗನ್ನು ಜೋರಾಗಿ ಕೀಳಬೇಡಿ, ಸಾಕೆಟ್ಟೇ ಬೋರ್ಡ್‌ನಿಂದ ಕಿತ್ತು ಬರಬಹುದು. ಬಿಚ್ಚುವ ಮೊದಲೇ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ, ಪವರ್ ಸಪ್ಲೈ ತುದಿಯದೂ ಸೇರಿಸಿ. ವಾರಂಟಿ ಕೇಳುವಾಗ ಕಾರ್ಡ್ ಕಂಪನಿ, ಪವರ್ ಸಪ್ಲೈ ಕಂಪನಿ, ಕೇಬಲ್ ಕಂಪನಿ ಮೂವರೂ ಒಬ್ಬರ ಕಡೆ ಒಬ್ಬರು ಕೈ ತೋರಿಸುವ ಸಂಭವ ಇದೆ. ಕೇಬಲ್ ಪವರ್ ಸಪ್ಲೈ ಜೊತೆ ಬಂದಿದ್ದೇ ಆದರೆ ಆ ಜಗಳದಲ್ಲಿ ಒಬ್ಬರು ಕಮ್ಮಿ.

ಸುಟ್ಟ ಸಾಕೆಟ್‌ಗೆ ಹೊಸ ಕೇಬಲ್ ಹಾಕಿ ಪರೀಕ್ಷೆ ಮಾಡಬೇಡಿ. ಸುಟ್ಟ ಕೇಬಲ್ಲನ್ನು ಹೊಸ ಕಾರ್ಡ್‌ಗೂ ಹಾಕಬೇಡಿ. ಒಂದು ಕಡೆಯ ಹಾನಿ ಇನ್ನೊಂದು ಕಡೆಗೆ ದಾಟುತ್ತದೆ. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರು ಮಾರುವವರ ಹತ್ತಿರ ಮೊದಲು ಕೇಳಬೇಕಾದ್ದು ಪವರ್ ಸಾಕೆಟ್‌ನ ಹತ್ತಿರದ ಫೋಟೋ. ಹನ್ನೆರಡು ಪಿನ್ನೂ ಒಂದೇ ಬಣ್ಣ ಇರಬೇಕು, ಸುತ್ತಲಿನ ಪ್ಲಾಸ್ಟಿಕ್‌ನ ಅಂಚು ಚೂಪಾಗಿ ಇರಬೇಕು. ಫೋಟೋ ಕೊಡಲು ಹಿಂದೇಟು ಹಾಕಿದರೆ ಬೇರೆ ಕಾರ್ಡ್ ಹುಡುಕಿ. ಕೊಂಡ ಮೇಲೆ ಅವರು ಕೊಟ್ಟ ಹಳೆಯ ಕೇಬಲ್ ಬಳಸಬೇಡಿ, ನಿಮ್ಮ ಪವರ್ ಸಪ್ಲೈನ ಕೇಬಲ್ಲನ್ನೇ ಹಾಕಿ.